ಪೈರಿನ ಮೇಲೆ ಕವುಚಿದ ಡಬ್ಬ

ಮುಡುಕುತೊರೆ, ಶುಕ್ರವಾರ

ದೊಡ್ಡಮ್ಮ, ನಮಸ್ಕಾರ.

ನೀರು ನಿಂತ ಗದ್ದೆಯಿಂದ ಮೀಥೇನ್ ಏಳುತ್ತದೆ, ಅದು ಭೂಮಿಯ ಬಿಸಿ ಏರಿಸುತ್ತದೆ. ಆ ಅನಿಲವನ್ನು ಅಳೆಯುವುದೇ ಇಲ್ಲಿ ನನ್ನ ಕೆಲಸ; ಅದಕ್ಕೆ ಪೈರಿನ ಮೇಲೆ ಗಾಜಿನಂಥ ಡಬ್ಬ ಕವುಚಿ ಅರ್ಧ ಗಂಟೆ ಕಾಯಬೇಕು. ನಾನು ಅತ್ತ ತಿರುಗಿದರೆ ಸಾಕು, ಗದ್ದೆಯ ಯಜಮಾನಿ ಸಿದ್ದಲಿಂಗಮ್ಮ ಡಬ್ಬ ಎತ್ತಿಬಿಡುತ್ತಾರೆ. "ಪೈರ್ಗೆ ಉಸ್ರು ಕಟ್ತದೆ ಕಣವ್ವ, ಒಳ್ಗೆಲ್ಲ ಎಂಗೆ ಬೆವರ್ತಾ ಅದೆ ನೋಡು."

ವಾರದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನನಗೆ ದಕ್ಕಿದ್ದು ಕಾಲ್ಬೆರಳ ಸಂದಿಯ ಕೆಸರುಹುಣ್ಣು ಮಾತ್ರ. ನಂಜನಗೂಡಿನಿಂದ ಯಾರಾದರೂ ಈ ಕಡೆ ಬಂದರೆ ಮುಲಾಮು ಕಳಿಸು.

ಇಂದು ರೇಗಿ, ಇಂಥ ಅನಿಲಗಳು ಭೂಮಿಗೂ ಹೀಗೇ ಡಬ್ಬ ಕವುಚಿವೆ ಎಂದೆ.

"ಅಂಗಾರೆ ಮೊದ್ಲು ಅದ್ನ ಎತ್ತೋಗು. ನನ್ ಪೈರಿನ ತಂಟೆಗ್ಯಾಕೆ ಬತ್ತೀಯ?" ಎಂದು ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು.

ಇದಕ್ಕೆ ಉತ್ತರ ನಿನಗೇನಾದರೂ ಹೊಳೆದರೆ ಬರಿ.

ಸುಚೇತಾ