ನಮ್ಮನೆ ಕಳ್ಳ

ಭಾನುವಾರ, ಬೆಳಿಗ್ಗೆ

ನನ್ನ ಮುದ್ದು ಮೇಡಮ್ಮನಿಗೆ ಅಮ್ಮನ ನೂರು ಮುತ್ತು,

ಅಪರಾಧವೂ ಸಮಾಜಕ್ಕೊಂದು ಉಪಕಾರ ಮಾಡುತ್ತದೆ, ಕಳ್ಳನೊಬ್ಬ ಸಿಕ್ಕರೆ ಉಳಿದವರೆಲ್ಲ ಒಂದಾಗುತ್ತಾರೆ ಎಂದು ಕಾಲೇಜಿನಲ್ಲಿ ನೀನು ಪಾಠ ಮಾಡಿದ್ದನ್ನು ಫೋನಿನಲ್ಲಿ ಹೇಳಿದಾಗ, ಇವಳಿಗೆಲ್ಲೋ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಈಗ ಒಪ್ಪಿದೆ ಕಣೇ. ನಮ್ಮ ಕಟ್ಟಡದಲ್ಲಿ ಬಾಗಿಲಾಚೆ ಬಿಟ್ಟ ಚಪ್ಪಲಿಗಳು ಮಾಯವಾಗತೊಡಗಿದ್ದೇ ತಡ, ಮುಖ ಕೊಟ್ಟು ಮಾತಾಡದವರೆಲ್ಲ ಮೆಟ್ಟಿಲ ಮೇಲೆ ಕೂತು ಒಟ್ಟಿಗೆ ಚಹಾ ಕುಡಿಯುತ್ತಿದ್ದಾರೆ. ಮೇಲಿನ ಮನೆಯ ನರ್ಸ್‌ಗೂ ಎದುರುಮನೆಯ ವಕೀಲರಿಗೂ ಅದೆಂಥಾ ಸ್ನೇಹ ಅಂತೀಯಾ!

ಶುಕ್ರವಾರ ಎಲ್ಲರೂ ಸೇರಿದ್ದರು. ನಿಮ್ಮಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ವಕೀಲರು ಎದ್ದು ನಿಂತು, "ಎಲ್ಲಿ ಆ ಕಳ್ಳ?" ಅಂತ ಗುಡುಗಿದರು. ನಿಮ್ಮಪ್ಪ ಕೈಯೆತ್ತಿ, "ಇಲ್ಲೇ ಇದ್ದೀನಲ್ಲ" ಅಂದುಬಿಟ್ಟರು!

ತಕ್ಷಣ ಆ ಕೈ ಹಿಡಿದು ಕೆಳಗಿಳಿಸಿದೆ. ಮದುವೆಯಾದಾಗಿನಿಂದ ನಾನು ಅವರನ್ನು ಕೂಗುವುದೇ "ರೀ ಕಳ್ಳಾ, ಊಟಕ್ಕೆ ಬನ್ನಿ" ಅಂತ, ನಿನಗೇ ಗೊತ್ತು. ಎಷ್ಟು ಬಿಡಿಸಿ ಹೇಳಿದರೂ ಯಾರೂ ನಂಬಲಿಲ್ಲ. ಸೋಮವಾರ ಪೊಲೀಸರಿಗೆ ಹೇಳುತ್ತೇವೆ ಎಂದರು. ಮರುದಿನ ಬೆಳಿಗ್ಗೆ ನಿಮ್ಮಪ್ಪ ಮೆಟ್ಟಿಲಿಳಿದರೆ ಎಲ್ಲರೂ ಮಕ್ಕಳನ್ನು ಪಕ್ಕಕ್ಕೆಳೆದುಕೊಂಡರು. ಪಾಪ, ಇವರು ಎಲ್ಲರಿಗೂ ನಗುತ್ತಲೇ ಇದ್ದರು. ಸ್ಟೇಷನ್ನಿನಲ್ಲಿ ಗದರಿಸಿ ಕೂರಿಸಿದರೆ ಈ ಜೀವ ತಡೆದುಕೊಂಡೀತೇ ಎಂದೇ ನನಗೆ ಚಿಂತೆಯಾಗಿತ್ತು. ಒಂದಾದವರ ಕಥೆ ಹೇಳಿದೆಯಲ್ಲ ಮಗಳೇ, ಹೊರಗುಳಿದವನ ಹೆಂಡತಿ ಏನು ಮಾಡಬೇಕೆಂದು ನಿನ್ನ ಪಾಠದಲ್ಲಿಲ್ಲವೇ?

ನಿನ್ನೆ ಗುಡಿಸುವಾಗ ಮಂಚದಡಿ ಚೀಲವೊಂದು ಸಿಕ್ಕಿತು. ಕಳೆದುಹೋದ ಚಪ್ಪಲಿಗಳೆಲ್ಲ ಅದರಲ್ಲಿದ್ದವು. ಒಂದೊಂದಕ್ಕೂ ಹೊಸ ಹೊಲಿಗೆ, ಹೊಸ ಪಟ್ಟಿ! ನಿಮ್ಮಪ್ಪನ ಚಪ್ಪಲಿ ರಿಪೇರಿ ಅಂಗಡಿ ಮುಚ್ಚಿದರೇನು, ಆ ಕೈ ಸುಮ್ಮನಿರಬೇಕಲ್ಲ. ಕಿತ್ತುಹೋದದ್ದನ್ನು ಬಾಗಿಲಲ್ಲಿ ಕಂಡರೆ, ಈ ಮರೆವಿನಲ್ಲಿ, ಗಿರಾಕಿ ಬಿಟ್ಟು ಹೋಗಿದ್ದಾರೆಂದೇ ಅವರ ಲೆಕ್ಕ.

ಚೀಲವನ್ನು ಕದ್ದು ಮುಚ್ಚಿ ಎಸೆಯೋಣ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ಅವರ ಕೈ ಹಿಡಿದು ಮನೆಮನೆಗೂ ಹೋದೆ. ನರ್ಸ್ ಚಪ್ಪಲಿ ಮೆಟ್ಟಿ ನೋಡಿ, "ತಾತ, ಇಷ್ಟು ಚೆನ್ನಾಗಿ ಯಾರೂ ಹೊಲಿದುಕೊಟ್ಟಿರಲಿಲ್ಲ" ಅಂತ ಅತ್ತೇಬಿಟ್ಟಳು. ಪೊಲೀಸರ ಮಾತು ಅಲ್ಲಿಗೇ ನಿಂತಿತು. ವಕೀಲರ ಚಪ್ಪಲಿ ಗಟ್ಟಿಮುಟ್ಟಾಗಿತ್ತು, ಹಾಗಾಗಿ ಅವರದ್ದೇನೂ ಹೋಗಿರಲೇ ಇಲ್ಲ. ಆದರೂ ಹೆಚ್ಚು ಕೂಗಾಡಿದವರು ಅವರೇ ನೋಡು! ಸಂಜೆ ನಮ್ಮಿಬ್ಬರಿಗೂ ಚಹಾ ತಂದುಕೊಟ್ಟರು.

ಹೊತ್ತಿಗೆ ಸರಿಯಾಗಿ ಉಣ್ಣು, ನನ್ನ ಬಂಗಾರ.

ನಿನ್ನನ್ನೇ ನೆನೆಯುತ್ತಾ,
ಅಮ್ಮ

ಮರೆತಿದ್ದೆ: ರಜಕ್ಕೆ ಬರುವಾಗ ಹೊಸ ಚಪ್ಪಲಿ ಬೇಡ, ಹರಿದದ್ದನ್ನೇ ಹಾಕಿಕೊಂಡು ಬಾ. ನಿನ್ನ ಗುರುತು ಅವರಿಗೆ ಹತ್ತದೇ ಹೋಗಬಹುದು ಕಂದಾ. ಹರಿದ ಚಪ್ಪಲಿ ಕಂಡರಂತೂ ಗಿರಾಕಿಯೆಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ.