ಜಯದೇವಪ್ಪನವರ ಕುರ್ಚಿಗೆ ಒಣಹಬೆ ಹಿಡಿದದ್ದು

ಅಜ್ಜಂಪುರ
೧೯ ಅಕ್ಟೋಬರ್ ೧೯೮೬

ಓಂಕಾರಮೂರ್ತಿಗೆ, ಕೋಪ ಆರುವ ಮೊದಲೇ ಬರೆಯಲು ಕೂತಿರುವ ನಿನ್ನ ಭಾವನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಬಂತು. ಬೆಂಗಳೂರಿನ ವಸ್ತುಪ್ರದರ್ಶನದಲ್ಲಿ ಟೈ ಕಟ್ಟಿದವನೊಬ್ಬ ಹೊರದೇಶದ ಮಿಷನ್ ತೋರಿಸಿದನೆಂದೂ, ಅದು ಒಣಹಬೆ ಬಿಟ್ಟು ಸೋಫಾ, ಹಾಸಿಗೆ, ಜಮಖಾನಗಳನ್ನು ಒದ್ದೆಯಾಗದಂತೆ ಶುದ್ಧ ಮಾಡುತ್ತದೆಂದೂ, ಕ್ರಿಮಿಕೀಟ ಜಿಡ್ಡು ಎಲ್ಲಕ್ಕೂ ಅದೇ ಮದ್ದೆಂದೂ, ‘ಇಂಥದ್ದು ಇಂಡಿಯಾದಲ್ಲೇ ಮೊದಲು’ ಎಂದು ಅವನು ಹೇಳಿದಾಗ ನೀನು ಚಪ್ಪಾಳೆ ತಟ್ಟಿದೆಯೆಂದೂ ಬರೆದಿದ್ದೀಯ. ಚಪ್ಪಾಳೆ! ಅಲ್ಲಯ್ಯ, ಎಪ್ಪತ್ತೇಳನೇ ಇಸವಿಯ ಶ್ರಾವಣದಲ್ಲಿ ನಮ್ಮ ಹಿತ್ತಲ ಜಗಲಿಯಲ್ಲಿ ಅದೇ ಒಣಹಬೆಯ ಪೈಪು ಹಿಡಿದು ‘ಅಯ್ಯೋ ಸುಟ್ಕೊಂಡೆ’ ಎಂದು ಕುಣಿದವನು ಯಾರು? ಹೊರದೇಶದವನೇ?

ನಿಮ್ಮಕ್ಕನಿಗೆ ಓದಿ ಹೇಳಿದೆ. ಕಡಲೆಕಾಯಿ ಬಿಡಿಸುತ್ತ ಕೂತಿದ್ದವಳು, “ಇಂಜಿನ್ ಹೊಗೆ ಕುಡಿದೂ ಕುಡಿದೂ ಅವನ ತಲೆಗೆ ಮಸಿ ಹಿಡದೈತೆ ಕಣ್ರೀ. ಎಲ್ಲಾ ಬಿಡಿಸಿ ಬರೀರಿ. ಮಕ್ಕಳಿಗೂ ಓದಿ ಹೇಳು ಅನ್ನಿ,” ಎಂದಳು. ಸರಿಯಾದ ಮಾತು. ನಿನ್ನ ಮಕ್ಕಳಿಗೆ ಅವರ ತಾತ ಗೊತ್ತಿರುವುದು ಗೋಡೆಯ ಮೇಲಿನ ಪಟವಾಗಿ ಮಾತ್ರ. ಅವರಿಗಾಗಿ ಮೊದಲಿನಿಂದ ಬರೆಯುತ್ತೇನೆ, ನೀನೂ ಕೇಳಿಸಿಕೋ.

ಕೊಬ್ಬರಿ ಮಂಡಿ ಜಯದೇವಪ್ಪನವರ ಕುರ್ಚಿ ನೆನಪಿದೆಯಷ್ಟೆ? ತೇಗದ ಕುರ್ಚಿ. ಕೊಳೆ ಹತ್ತಿ ಕಂದಾಗಿದ್ದ ಕೆಂಪು ಮಖಮಲ್ಲಿನ ದಪ್ಪ ಮೆತ್ತೆ. ಎರಡು ಕೈಗಳ ತುದಿಯಲ್ಲಿ ಕೆತ್ತನೆಯ ಸಿಂಹಗಳು. ನಮ್ಮ ಮಠದ ಹಿಂದಿನ ಸ್ವಾಮಿಗಳು ಯಾವ ಕಾಲದಲ್ಲೋ ಒಮ್ಮೆ ಅದರ ಮೇಲೆ ಕೂತಿದ್ದರಂತೆ. ಆಮೇಲೆ ಕಡೂರು, ತರೀಕೆರೆ ಎರಡೂ ತಾಲ್ಲೂಕಿನಲ್ಲಿ ಗುರುಗಳ ಪಾದಪೂಜೆ ಯಾರ ಮನೆಯಲ್ಲೇ ಆಗಲಿ, ಅದೇ ಕುರ್ಚಿ ಹೋಗಬೇಕು. ಬೇರೆ ಕುರ್ಚಿ ಹಾಕಿದರೆ ಸಮಾಜದ ಯಜಮಾನರಾದ ಜಯದೇವಪ್ಪನವರಿಗೆ ಅವಮಾನ. ಎತ್ತಿನ ಗಾಡಿ, ತೆಂಗಿನಕಾಯಿ ಲಾರಿ, ಬಸ್ಸಿನ ಟಾಪು, ಎಲ್ಲದರ ಮೇಲೂ ಅದು ಸವಾರಿ ಮಾಡಿತ್ತು. ಉಳಿದ ದಿನಗಳಲ್ಲಿ ಮಂಡಿಯ ಗೋಣಿಚೀಲಗಳ ನಡುವೆ ನಿದ್ದೆ. ಚೀಲಗಳಿಂದ ತಿಗಣೆ ಅದಕ್ಕೆ ಇಳಿದು, ಮಖಮಲ್ಲಿನ ಹೊಲಿಗೆಯ ಸಂದಿನಲ್ಲಿ ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದವು. ಎಲ್ಲರಿಗೂ ಗೊತ್ತು. ಯಾರೂ ಹೇಳುವಂತಿಲ್ಲ. ಗುರುಗಳ ಆಸನದಲ್ಲಿ ತಿಗಣೆ ಎಂದು ಯಾವ ಬಾಯಲ್ಲಿ ಹೇಳುವುದು? ನಮ್ಮೂರಿನ ಚರಂಡಿ, ಬಸ್‌ಸ್ಟ್ಯಾಂಡು, ಬೀದಿದೀಪ ಎಲ್ಲದರ ಬಗ್ಗೆಯೂ ಪತ್ರಿಕೆಗೆ ಬರೆದ ನಾನೇ ಆ ಕುರ್ಚಿಯ ವಿಚಾರದಲ್ಲಿ ಲೇಖನಿ ಎತ್ತಿರಲಿಲ್ಲ ಎಂದರೆ ನೀನೇ ಯೋಚಿಸು.

ಎಪ್ಪತ್ತಾರನೇ ಇಸವಿಯಲ್ಲಿ ಸಿಂಗಟಗೆರೆಯ ನಿಮ್ಮ ಮನೆಯಲ್ಲಿ ಪಾದಪೂಜೆ. ಬೇರೆಯವರ ಮನೆಯಲ್ಲಿ ಪೂಜೆ ಗಡಿಬಿಡಿಯಲ್ಲಿ ಮುಗಿಯುತ್ತಿತ್ತು, ಗುರುಗಳೂ ತಡೆದುಕೊಳ್ಳುತ್ತಿದ್ದರು. ಮಾವ ಮಲ್ಲಿಕಾರ್ಜುನಪ್ಪನವರು ಯಾವುದನ್ನೂ ಚುಟುಕಾಗಿ ಮಾಡಿದವರಲ್ಲ. ಮಂತ್ರ ಒಂದಕ್ಷರ ಬಿಡುವಂತಿಲ್ಲ, ಬಿಲ್ವಪತ್ರೆ ಒಂದೊಂದೇ ಏರಬೇಕು. ಗುರುಗಳ ಪಾದ ತಟ್ಟೆಯಲ್ಲಿ, ಊರಿನ ಕಣ್ಣೆಲ್ಲ ಅವರ ಮೇಲೆ. ಅಂಥಲ್ಲಿ ಪೀಠಾಧಿಪತಿಗಳು ತುರಿಸಿಕೊಳ್ಳುವುದಾದರೂ ಹೇಗೆ? ಮೊದಲು ಮುಖ ಕೆಂಪಾಯಿತು. ಆಮೇಲೆ ಕಣ್ಣು ಮುಚ್ಚಿದರು. ಧ್ಯಾನವೆಂದು ಜನ ಕೈಮುಗಿದರು. ಆಮೇಲೆ ತಟ್ಟನೆ ಎದ್ದು, “ಸಾಕು,” ಎಂದು ಹೊರಟೇಹೋದರು. ಪ್ರಸಾದವನ್ನೂ ಮುಟ್ಟಲಿಲ್ಲ.

ಜಗಲಿ ಇಳಿಯುವ ಮೊದಲೇ ಜನ ಶುರುಮಾಡಿದರು. “ಮಲ್ಲಿಕಾರ್ಜುನಪ್ಪನ ಮನೇಲಿ ಏನೋ ಐಬೈತೆ ಕಣಪ್ಪಾ. ಇಲ್ದಿದ್ರೆ ಗುರುಗಳು ಎದ್ದೋಗ್ತಿದ್ರಾ?” ನಿಮ್ಮಕ್ಕ ಕುರ್ಚಿಯ ಮೇಲಿನ ಮಡಿವಸ್ತ್ರ ಎತ್ತಿದಾಗ, ಹೊಟ್ಟೆ ತುಂಬಿ ಓಡಲಾರದ ತಿಗಣೆಗಳನ್ನು ಕಣ್ಣಾರೆ ಕಂಡಳು. ಓಡಿಹೋಗಿ ಅಪ್ಪನಿಗೆ ಹೇಳಿದಳು. ಮಾವ ಹೇಳಿದ್ದು ಇಷ್ಟು: “ಬಾಯ್ಮುಚ್ಚು ಕರಿಬಸಿ. ಗುರುಪೀಠಕ್ಕೆ ಕೆಟ್ಟ ಮಾತು ಬರಬಾರ್ದು. ಐಬು ನಮ್ಮನೇದೇ ಅಂದ್ಕೊಳ್ಲಿ ಬಿಡು.”

ಊರು ಹಾಗೆಯೇ ಅಂದುಕೊಂಡಿತು. ಅವರನ್ನು ನ್ಯಾಯ ಪಂಚಾಯ್ತಿಗೆ ಕರೆಯುವುದು ನಿಂತಿತು. ಮದುವೆಯಲ್ಲಿ ಹಿಂದಿನ ಸಾಲಿನ ಜಾಗ. ಮಠದ ಕಡೆ ತಲೆಹಾಕುವುದನ್ನು ಅವರಾಗಿಯೇ ಬಿಟ್ಟರು. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಕನ್ನಡಿ ನೋಡುವುದನ್ನೂ ಬಿಟ್ಟಿದ್ದಾರೆಂದು ನಿಮ್ಮಕ್ಕ ಒಮ್ಮೆ ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಈರುಳ್ಳಿ ಖಾರ ಎಂದಳು. ಅವಳ ಮುಂದೆ ಇದ್ದದ್ದು ಸೌತೆಕಾಯಿ.

ಮಾರನೆಯ ಶ್ರಾವಣದಲ್ಲಿ ಗುರುಗಳು ನಮ್ಮ ಮನೆಗೆ ಬರಲು ಒಪ್ಪಿದರು. ನನಗೆ ಸಂತೋಷ. ನಿಮ್ಮಕ್ಕನಿಗೆ ಜ್ವರ ಬಂದಂತಾಯಿತು. “ಇಲ್ಲೂ ಎದ್ದೋದ್ರೆ, ಅಪ್ಪನ ಐಬು ಮಗಳ ಜೊತೇಲಿ ಬಂತು ಅಂತಾರೆ. ಅಪ್ಪಾಜಿ ಆಮೇಲೆ ಉಳಿಯಲ್ಲ ಕಣ್ರೀ,” ಎಂದಳು. ಸೋಮವಾರದ ಪೂಜೆಗೆ ಶನಿವಾರ ಬೆಳಿಗ್ಗೆಯೇ ಕುರ್ಚಿ ಬಂತು. ಅದರ ಹಿಂದೆಯೇ ಬಂದ ಜಯದೇವಪ್ಪನವರು, “ಮಖಮಲ್ಲಿಗೆ ನೀರು ಸೋಕಿಸಬೇಡಿ, ಬಣ್ಣ ಬಿಡ್ತದೆ,” ಎಂದು ಹೇಳಿ, ನಿಂತೇ ಕಾಫಿ ಕುಡಿದು ಹೋದರು. ತಮ್ಮ ಕುರ್ಚಿಯ ಮೇಲೆ ತಾವು ಕೂರುವಷ್ಟು ದಡ್ಡರಲ್ಲ ಅವರು.

ಬಿಸಿಲಿಗಿಡೋಣವೆಂದರೆ ಹಗಲೆಲ್ಲ ಸೋನೆ. ಸೀಮೆಎಣ್ಣೆ ಸುರಿದರೆ ವಾಸನೆ. ಮೇಲೆ ಕರ್ಪೂರದ ಆರತಿ ಬೇರೆ, ಗುರುಗಳಿಗೇ ಬೆಂಕಿ ಹತ್ತಿದರೆ ನಮ್ಮ ವಂಶದ ಹೆಸರು ಶಾಶ್ವತವಾಗುತ್ತಿತ್ತು. ತಿಗಣೆ ಪುಡಿ ಕಾವಿಗೆ ಬೆಳ್ಳಗೆ ಮೆತ್ತುತ್ತದೆ. ತಿಗಣೆಗೆ ಬಿಸಿಯೇ ಶತ್ರು ಎಂದು ನಾನು ಓದಿದ್ದೆ. ಇಡ್ಲಿ ಪಾತ್ರೆ ಕುದಿಸಿ, ಮುಚ್ಚಳ ತೆಗೆದು, ಕುರ್ಚಿಯ ಹಿಂಭಾಗವನ್ನು ಅದರ ಮೇಲೆ ವಾಲಿಸಿ ಹಿಡಿದೆ. ತಿಗಣೆಗಳು ಬೆಚ್ಚಗೆ ಅಭ್ಯಂಜನ ಮಾಡಿಕೊಂಡವು. ಮಖಮಲ್ಲಿನ ಒಂದು ಮೂಲೆ ತೊಪ್ಪೆಯಾಗಿ, ಕೆಂಪು ನೀರು ನನ್ನ ಪಂಚೆಯ ಮೇಲೆ ಇಳಿಯಿತು.

ಆ ಹೊತ್ತಿಗೆ ಸರಿಯಾಗಿ ನೀನು ಬೀರೂರಿನಿಂದ ಡ್ಯೂಟಿ ಮುಗಿಸಿ ಬಂದೆ. ಆಗ ನೀನು ಉಗಿ ಇಂಜಿನ್ನಿನ ಫೈರ್‌ಮನ್, ಮದುವೆಯಾಗಿಲ್ಲ, ಮೀಸೆ ಮಾತ್ರ ಡ್ರೈವರಿನದು. ಜಗಲಿಯ ಮೇಲೆ ಕಾಲು ಚಾಚಿ ನನಗೆ ಪಾಠ ಹೇಳಿದೆ: “ಭಾವ, ಇಡ್ಲಿ ಪಾತ್ರೆಯಿಂದ ಬೆಳ್ಳಗೆ ಕಾಣ್ತದಲ್ಲ, ಅದು ಹಬೆ ಅಲ್ಲ, ಆಗ್ಲೇ ನೀರಾಗಿರೋ ಹನಿ. ನಿಜವಾದ ಹಬೆ ಕಣ್ಣಿಗೆ ಕಾಣಲ್ಲ. ನಮ್ಮ ಇಂಜಿನ್ನಲ್ಲಿ ಬಾಯ್ಲರಿಂದ ಬಂದ ಹಬೇನ ಪೈಪಲ್ಲಿ ಇನ್ನೊಂದ್ಸಲ ಬೆಂಕಿಗೆ ಕೊಡ್ತೀವಿ. ಅದ್ರಲ್ಲಿರೋ ಹನಿಯೆಲ್ಲ ಆರೋಗ್ತದೆ. ಅದು ಒಣಹಬೆ. ಬಿಸಿ ಜಾಸ್ತಿ, ಒದ್ದೆ ಇಲ್ಲ.” ಮಧ್ಯಾಹ್ನದ ಗಾಡಿಗೆ ಹೋಗಿ ಸುರುಳಿ ಸುತ್ತಿದ ತಾಮ್ರದ ಪೈಪೊಂದನ್ನು ತಂದೆ. ಎಲ್ಲಿಂದ ತಂದೆಯೆಂದು ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಈ ಕಾಗದವನ್ನು ರೈಲ್ವೆಯವರ ಕೈಗೆ ಸಿಗದಂತೆ ಇಡು.

ನೀನು ನಿಮ್ಮಕ್ಕನ ಕುಕ್ಕರಿನ ವೆಯ್ಟ್ ತೆಗೆದು ಅಲ್ಲಿ ಪೈಪು ಸಿಕ್ಕಿಸಿ, ಸಂದಿಗೆ ಮೈದಾ ಹಿಟ್ಟು ಮೆತ್ತಿ, ಸುರುಳಿಯನ್ನು ಇದ್ದಿಲ ಒಲೆಯ ಕೆಂಡದಲ್ಲಿ ಹೂತು, ತುದಿಗೆ ಗೋಣಿ ಸುತ್ತಿ ಹಿಡಿದುಕೊಂಡೆ. ಹಬೆ ಒಣಗಿದೆಯೇ ಎಂದು ನೋಡಲು ಕಾಗದ ಬೇಕೆಂದೆ. ನಿಮ್ಮಕ್ಕ ಕೈಗೆ ಸಿಕ್ಕಿದ ಪತ್ರಿಕೆಯನ್ನು ಹರಿದು ಕೊಟ್ಟಳು. ಅದರಲ್ಲಿ ಅಜ್ಜಂಪುರದ ಚರಂಡಿಯ ಬಗ್ಗೆ ನನ್ನ ಪತ್ರ ಅಚ್ಚಾಗಿತ್ತು. ಪೈಪು ಬುಸ್ಸೆಂದು ನೀರು ಉಗುಳಿತು. ನನ್ನ ಪತ್ರ ತೊಯ್ದು ಹರಿದು ಬಿತ್ತು. ಪುರಸಭೆಯವರೂ ಅದಕ್ಕೆ ಅಷ್ಟು ಅವಮಾನ ಮಾಡಿರಲಿಲ್ಲ.

“ಕುಕ್ಕರಿಗೆ ಎಷ್ಟು ನೀರು ಹಾಕಿದ್ಯೋ?” ಎಂದಳು ನಿಮ್ಮಕ್ಕ.

“ತುಂಬಾ ಹಾಕಿದೀನಿ. ಹಬೆ ಜಾಸ್ತಿ ಬರ್ಲಿ ಅಂತ.”

“ಲೇ ಬುದ್ಧಿಗೇಡಿ, ಸಾರು ಕಂಠಮಟ್ಟ ಇದ್ರೆ ಉಕ್ಕಲ್ವೇನೋ? ನಿನ್ನ ಕೈಗೆ ಇಂಜಿನ್ ಕೊಟ್ಟಿರೋರು ಯಾರೋ? ಆ ಗಾಡಿ ಇನ್ಮೇಲೆ ನಾನು ಹತ್ತಲ್ಲ.”

ಅರ್ಧಕ್ಕಿಂತ ಕಡಿಮೆ ನೀರು ಹಾಕಿಸಿದಳು. ಕೆಂಡವನ್ನು ಬೀಸಿ ಕೆಂಪು ಮಾಡಿಸಿದಳು. ಮೊದಲು ಬಂದ ತುಂತುರನ್ನೆಲ್ಲ ಬಕೆಟ್ಟಿಗೆ ಬಿಡಿಸಿದಳು. ಆಮೇಲೆ ಪೈಪಿನ ಬಾಯಲ್ಲಿ ಏನೂ ಕಾಣದೆ ಬರೀ ಸುಂಯ್ ಎಂಬ ಸದ್ದು. ಗೇಣು ದೂರದಲ್ಲಿ ಮಾತ್ರ ಬಿಳಿಯ ಎಳೆ. ಕಾಗದ ಹಿಡಿದರೆ ಗರಿಗರಿಯಾಗಿಯೇ ಉಳಿಯಿತು. ನೀನು ಪೈಪನ್ನು ಸರಸರ ಆಡಿಸಿದಾಗ ತಿಗಣೆಗಳು ಸಾಯದೆ ಹಬೆಯ ರಭಸಕ್ಕೆ ಹಾರಿ ನನ್ನ ಮೇಲೆ ಬಿದ್ದವು. ನಿಮ್ಮಕ್ಕ ಪೈಪು ಕಿತ್ತುಕೊಂಡು ಹೊಲಿಗೆಯ ಉದ್ದಕ್ಕೂ ಇರುವೆ ನಡೆದಷ್ಟು ನಿಧಾನವಾಗಿ ಹಿಡಿದಳು. ಬಿಸಿ ಒಳಗಿಳಿಯಬೇಕು, ಮೊಟ್ಟೆಯೂ ಬೇಯಬೇಕು, ಅದು ಅವಳ ಲೆಕ್ಕಾಚಾರ. ಮೆತ್ತೆ ಮುಟ್ಟಿದರೆ ಬಿಸಿ, ಹಿಂಡಿದರೆ ಹನಿಯಿಲ್ಲ. ವೀಳ್ಯ ಹಾಕಿ ಮುಗಿಸುವಷ್ಟರಲ್ಲಿ ಬಿಸಿಯೂ ಆರಿ ಹೋಗಿತ್ತು. ನನ್ನ ಕೆಂಪು ಮೂಲೆಯೂ ಒಣಗಿ ಒಂದಿಷ್ಟು ಮಾನ ಉಳಿಯಿತು. ಬೇಲಿಯಾಚೆಯಿಂದ ಕಾಮಾಕ್ಷಮ್ಮ, “ಏನ್ರೀ ಕರಿಬಸಮ್ಮ, ಬಾಗ್ಲು ಹಾಕ್ಕೊಂಡು ಶಾವಿಗೆ ಮಾಡ್ತಿದೀರಾ?” ಎಂದಾಗ, “ಹೂಂ ಕಣ್ರೀ, ಕರಿ ಎಳ್ಳು ಹಾಕಿ,” ಎಂದಳಲ್ಲ ನಿಮ್ಮಕ್ಕ, ನಾನು ಆಮೇಲೆ ಮೂರು ತಿಂಗಳು ಎಳ್ಳು ತಿನ್ನಲಿಲ್ಲ.

ಕೆಲಸ ಅಷ್ಟಕ್ಕೇ ನಿಲ್ಲಬೇಕಿತ್ತು. ಆದರೆ ಕೈಯಲ್ಲಿ ಅಂಥ ಆಯುಧ ಇರುವಾಗ ಹೆಣ್ಣುಮಕ್ಕಳು ನಿಲ್ಲುತ್ತಾರೆಯೇ? ಮೆತ್ತೆಯ ಕೊಳೆಯನ್ನೆಲ್ಲ ಬಿಡಿಸಿ ಹಳೆಯ ಕೆಂಪು ಎಬ್ಬಿಸಿದಳು, ಸಿಂಹಗಳಿಗೂ ಹಿಡಿದಳು. ಎಷ್ಟೋ ವರ್ಷದ ಅರಿಸಿನ, ಕುಂಕುಮ, ಎಣ್ಣೆ, ಕರ್ಪೂರದ ಮಸಿ ಕರಗಿ ಕಪ್ಪಾಗಿ ಇಳಿಯಿತು. ಅವಳು ಬಟ್ಟೆಯಲ್ಲಿ ಒತ್ತಿ ಒರೆಸುತ್ತ ಹೋದಳು. ಸಿಂಹಕ್ಕೆ ಹಲ್ಲು ಬಂತು. ನಾಲಗೆ ಬಂತು. ಕೊನೆಗೆ ತಲೆಯ ಮೇಲೆ ಕೊಂಬು ಬಂತು. ಎರಡೂ ನಂದಿಗಳು! ಎರಡು ತಾಲ್ಲೂಕಿನ ಜನ ಅಷ್ಟು ವರ್ಷ ಜಿಡ್ಡಿಗೆ ಸಿಂಹವೆಂದು ಕೈಮುಗಿದಿದ್ದರು.

ಸೋಮವಾರ ಬೆಳಿಗ್ಗೆ ಜಯದೇವಪ್ಪನವರು ಬಂದು ಕುರ್ಚಿ ನೋಡಿದವರೇ ನಡುಮನೆಯಲ್ಲಿ ನಿಂತುಬಿಟ್ಟರು. “ನನ್ನ ಕುರ್ಚಿ ಎಲ್ಲಿ?”

“ಇದೇ ಯಜಮಾನ್ರೇ,” ಎಂದೆ.

“ಏನಪ್ಪಾ, ನನ್ನನ್ನ ಏನಂದ್ಕೊಂಡಿದೀಯಾ? ನನ್ನ ಕುರ್ಚೀಲಿ ಸಿಂಹ ಇದ್ವು. ಇವು ಹೋರಿ. ನನ್ನದು ಕಂದು ಬಣ್ಣ, ಇದು ರಕ್ತದಂಗೈತೆ. ಕುರ್ಚಿ ಬದಲಾಯಿಸಿಬಿಟ್ಟಿದೀಯ! ಮಾವನ ಮನೇಲಿ ಗುರುಗಳು ಎದ್ದೋದ್ರು, ಇಲ್ಲಿ ಅವರು ಕೂರೋಕೂ ಮುಂಚೇನೇ ಮೋಸ!”

ಮನೆಯ ತುಂಬ ಜನ. ಅದೇ ಕುರ್ಚಿ ಎಂದು ಸಾಧಿಸಬೇಕಾದರೆ, ಮೊದಲು ಅದರಲ್ಲಿ ಏನಿತ್ತು ಎಂದು ಹೇಳಬೇಕು. ಹೇಳಿದರೆ ಗುರುಪೀಠಕ್ಕೆ ಕೆಟ್ಟ ಮಾತು. ಬಾಗಿಲ ಹತ್ತಿರ ಕಂಬಕ್ಕೆ ಒರಗಿ ಮಾವ ನಿಂತಿದ್ದರು. ಬರುವುದಿಲ್ಲ ಎಂದಿದ್ದವರನ್ನು ನೀನೇ ಬೆಳಗಿನ ಬಸ್ಸಿನಲ್ಲಿ ಎಳೆದುಕೊಂಡು ಬಂದಿದ್ದೆ. ಜಯದೇವಪ್ಪನವರ ಮಾತು ಕೇಳಿ ಅವರು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಹೊರಡುವವರ ಹಾಗೆ. ನಿಮ್ಮಕ್ಕ ಬಾಯಿ ತೆರೆದಳು. ಅಪ್ಪನ ಕಣ್ಣು ನೋಡಿ ಮುಚ್ಚಿಕೊಂಡಳು. ಅವಳು ಅಷ್ಟು ಕಷ್ಟಪಟ್ಟದ್ದನ್ನು ನಾನು ಹೆರಿಗೆಯಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಹೊರಗೆ ‘ಗುರುಗಳು ಬಂದ್ರು’ ಎಂದು ಕೂಗು. ಗುರುಗಳು ಒಳಗೆ ಬಂದರು. ಕುರ್ಚಿಯನ್ನು ಕಂಡು ಒಂದು ಗಳಿಗೆ ತಡೆದರು. ಕಂಡ ಕಷ್ಟ ಅವರದಲ್ಲವೇ! ಮೆಲ್ಲಗೆ ತುದಿಯಲ್ಲಿ ಕೂತರು. ಕಾದರು. ಆಮೇಲೆ ಸ್ವಲ್ಪ ಹಿಂದಕ್ಕೆ ಸರಿದರು. ಇನ್ನೂ ಕಾದರು. ಕೊನೆಗೆ ಬೆನ್ನು ಪೂರ್ತಿ ಒರಗಿಸಿ, ನಂದಿಗಳ ತಲೆಯ ಮೇಲೆ ಕೈಯಿಟ್ಟು, ಬಿಟ್ಟ ಉಸಿರು ನನಗೆ ಇನ್ನೂ ಕೇಳುತ್ತಿದೆ. ಪೂಜೆ ಪೂರ್ತಿ ಮುಗಿಯಿತು. ಆರತಿ ಮುಗಿಯಿತು. ಜಯದೇವಪ್ಪನವರು ಮುಂದೆ ಬಂದು, “ಬುದ್ದೀ, ಅಪ್ಪಣೆ ಆದ್ರೆ ಒಂದು ಮಾತು. ಈ ಕುರ್ಚಿ ನಂದಲ್ಲ,” ಎಂದರು.

“ನಿಮ್ಮದೇ,” ಎಂದರು ಗುರುಗಳು. “ಎಡಗಾಲು ಮೊದಲಿನಂಗೇ ಅಲ್ಲಾಡ್ತದೆ. ಅಷ್ಟು ವರ್ಷ ಕೂತೋರು ನಾವು. ನಮಗೆ ಗೊತ್ತಾಗಲ್ವಾ?” ಆಮೇಲೆ ಬಾಗಿಲ ಕಡೆ ನೋಡಿ ಕರೆದರು. “ಮಲ್ಲಿಕಾರ್ಜುನಪ್ಪ, ಮುಂದೆ ಬನ್ನಿ. ಹೋದ ಸಲ ನಿಮ್ಮನೇಲಿ ಪೂಜೆ ಅರ್ಧಕ್ಕೇ ಎದ್ವಿ. ನಿಮ್ಮ ಭಕ್ತೀಲಿ ಕೊರತೆ ಇರ್ಲಿಲ್ಲ, ನಮ್ಮ ಸಹನೇಲಿ ಇತ್ತು. ನಾಳೆ ಸಿಂಗಟಗೆರೆಗೆ ಬತ್ತೀವಿ. ಇದೇ ಕುರ್ಚಿ ತರಿಸಿ.”

ಮಾವನ ಕೈಯಲ್ಲಿದ್ದ ಪೇಟ ತಲೆಗೆ ಹೋಗುವ ದಾರಿ ಮರೆತಿತ್ತು. ಜಯದೇವಪ್ಪನವರು ಎಲ್ಲರಿಗಿಂತ ಮೊದಲು, “ನನ್ನ ಕುರ್ಚಿ, ನನ್ನ ಲಾರೀಲೇ ಕಳಿಸ್ತೀನಿ ಬುದ್ದೀ,” ಎಂದರು.

ಇನ್ನು ನಿನ್ನ ಟೈ ಕಟ್ಟಿದವನಿಗೆ ಹೇಳು: ಅವನ ಮಿಷನ್ನು ಬರುವ ಮೊದಲೇ ನಿಮ್ಮಕ್ಕ ಅದೇ ಪೈಪಿನಲ್ಲಿ ಅಡುಗೆಮನೆ ಕಿಟಕಿಯ ಸರಳಿನ ಜಿಡ್ಡು ಇಳಿಸಿದ್ದಾಳೆ, ಬಾಣಂತಿಯರ ಹಾಸಿಗೆಗೆ ಹಿಡಿದಿದ್ದಾಳೆ, ಹೊಲಿಗೆ ಮಿಷನ್ನಿನ ಹಳೆಯ ಗ್ರೀಸು ಕರಗಿಸಿದ್ದಾಳೆ. ಮಠಕ್ಕೆ ಹೋಗಿ ಪೀಠಕ್ಕೂ ಹಿಡಿದು ಬಂದಿದ್ದಾಳೆ. ಬಾಗಿಲು ಹಾಕಿಕೊಂಡು ಮಾಡಿದ್ದರಿಂದ ಅದರ ವಿವರ ನನಗೂ ಹೇಳಿಲ್ಲ. ರೇಷ್ಮೆಗೂ ಅರಗಿನ ಪಾಲಿಶಿಗೂ ಹಿಡಿಯಬಾರದು ಎಂಬುದನ್ನು ನನ್ನ ಅಂಗವಸ್ತ್ರ ಸುಟ್ಟು ಕಲಿತಳು.

ಮಾರನೆಯ ದಿನ ಸಿಂಗಟಗೆರೆಯಲ್ಲಿ ನೀನಿರಲಿಲ್ಲ, ಡ್ಯೂಟಿಗೆ ಹೋಗಿದ್ದೆ. ಅದಕ್ಕೇ ಇದನ್ನು ನಿನಗೆ ಹೇಳಬೇಕು. ಊರಿಗೆ ಊರೇ ಸೇರಿತ್ತು. ಮಾವ ಪೇಟ ಸುತ್ತಿ, ಮೊದಲಿಗಿಂತ ಉದ್ದದ ಪೂಜೆ ಮಾಡಿದರು. ಮುಗಿದರೂ ಗುರುಗಳು ಏಳಲಿಲ್ಲ. ಹಾಯಾಗಿ ಒರಗಿ ಪ್ರವಚನ ಶುರುಮಾಡಿದರು. ಹೊತ್ತು ನೆತ್ತಿ ದಾಟಿತು. ಗುರುಗಳು ಪ್ರಸಾದ ಸ್ವೀಕರಿಸದೆ ಯಾರೂ ಉಣ್ಣುವಂತಿಲ್ಲ. ಮಾವ ಹಿಂದಿನ ದಿನದಿಂದ ಉಪವಾಸ. ಮುಖದ ತುಂಬ ಸಂತೋಷ, ಹೊಟ್ಟೆ ಮಾತ್ರ ಬೆನ್ನಿಗೆ ಅಂಟಿತ್ತು. ಪ್ರವಚನ ಎರಡನೆಯ ಅಧ್ಯಾಯಕ್ಕೆ ಹೊರಳಿದಾಗ ಮಗಳ ಕಡೆ ಬಾಗಿ, ನನಗೂ ಕೇಳುವಂತೆ ಪಿಸುಗುಟ್ಟಿದರು:

“ಕರಿಬಸಿ, ಒಂದೆರಡಾದ್ರೂ ಬಿಡಬಾರ್ದಿತ್ತೇನೇ?”

ನಿನಗೂ, ನಿನ್ನ ಮನೆಯವರಿಗೂ, ಮಕ್ಕಳಿಗೂ ಕೂತ ಕಡೆಯೆಲ್ಲ ನೆಮ್ಮದಿ ಸಿಗಲಿ.

ನಿನ್ನ ಭಾವ,
ಬಸವರಾಜಪ್ಪ