ಅಡುಗೆಮನೆ ಬಾಗಿಲಿನ ಅಳತೆ

ನಾಗಮಂಗಲ,
ಭಾನುವಾರ, 9 ನವೆಂಬರ್ 2025

ಪ್ರೀತಿಯ ನಮ್ಮ ಸಿಂಚನಳ ಅಪ್ಪನಿಗೆ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತಾ? ಗಡಿಯಲ್ಲಿ ಆಗಲೇ ಹಿಮ ಬೀಳುತ್ತಿದೆ ಎಂದು ಟಿ.ವಿ.ಯಲ್ಲಿ ತೋರಿಸಿದಾಗಿನಿಂದ ಇಲ್ಲಿ ನನ್ನ ಕೈಕಾಲು ತಣ್ಣಗಾಗುತ್ತಿದೆ. ಹೋದ ವಾರ ಫೋನಿನಲ್ಲಿ ‘ಸರ್ವಿಸು ಇನ್ನೆರಡು ವರ್ಷ ಮುಂದುವರಿಸ್ತೀನಿ’ ಅಂದಿರಿ, ನಾನು ಬಾಯಿ ತೆಗೆಯುವಷ್ಟರಲ್ಲಿ ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಂದಿಸಿಕೊಂಡು ಓದಿ. ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀವು ಬಾಗಿಲಲ್ಲಿ ನಿಂತಿದ್ದೀರಿ. ಅಂಗಿ ಇದೆ, ಬೂಟು ಇದೆ, ಮುಖ ಮಾತ್ರ ಇಲ್ಲ. ಒಳಗೆ ಬನ್ನಿ ಎಂದರೆ ಬಗ್ಗಲಾರದೆ ಹಾಗೇ ನಿಂತಿದ್ದೀರಿ. ಎದ್ದವಳೇ ದೀಪ ಹಚ್ಚಿದೆ. ಇದೆಲ್ಲ ನಿಮ್ಮ ಮಗಳು ಮಾಡಿದ ಬೊಂಬೆಯಿಂದ.

ಅವಳು ಮೈಸೂರಲ್ಲಿ ಕಲಿಯುವುದು ಬರೀ ಚಿತ್ರ ಬರೆಯುವುದನ್ನು ಎಂದುಕೊಂಡಿದ್ದೆವಲ್ಲ, ಅಲ್ಲವಂತೆ. ದಸರಾ ರಜೆಗೆ ಬಂದವಳು ಅಟ್ಟ ಹತ್ತಿದಳು. ಅವಳ ಮದುವೆಗೆಂದು ನೀವು ಪ್ರತಿ ರಜೆಗೂ ಮಿಲಿಟರಿ ಕ್ಯಾಂಟೀನಿನಿಂದ ತಂದಿಟ್ಟ ಕುಕ್ಕರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಇಳಿಸಿದಳು. ಸಾಮಾನು ಭದ್ರವಾಗಿದೆ, ಗಾಬರಿಯಾಗಬೇಡಿ, ರಟ್ಟಿನ ಡಬ್ಬ ಮಾತ್ರ ತೆಗೆದುಕೊಂಡಳು. ಒಂದರ ಮೇಲೊಂದು ಅಂಟಿಸಿ ಆಳೆತ್ತರ ಮಾಡಿ, ನೀವು ಹಳೆಯದೆಂದು ಬಿಟ್ಟುಹೋದ ಯೂನಿಫಾರಮ್ಮಿನ ಅಂಗಿ ತೊಡಿಸಿದಳು. (ಬಿಲ್ಲೆ, ಹೆಸರು ಎಲ್ಲ ನಾನೇ ಬಿಚ್ಚಿದೆ, ನಿಮಗೆ ಏನಾದರೂ ತೊಂದರೆಯಾದೀತೆಂದು.) ಎದೆಗೆ ಗುಂಡಿನ ಪಟ್ಟಿಯ ಬದಲು, ನೀವು ಅವಳಿಗೆ ತರುತ್ತಿದ್ದ ಬೆಳ್ಳಗಾಗುವ ಕ್ರೀಮಿನ ಟ್ಯೂಬುಗಳ ಸಾಲು. ಕೈಗೆ ಬಂದೂಕಿನ ಬದಲು ನನ್ನ ಮುದ್ದೆ ಕೋಲು. ತಲೆಯ ಜಾಗದಲ್ಲಿ ಹಳೇ ಮೊಬೈಲು, ಅದರೊಳಗೆ ನಿಮ್ಮದೇ ಧ್ವನಿ: ‘ಎಲ್ಲಾ ಆರಾಮಾ? ಬಾಗ್ಲಾಕೊ. ಇಡ್ತೀನಿ.’ ಮುಗಿದ ಮೇಲೆ ಮತ್ತೆ ಮೊದಲಿಂದ. ಅದರ ಹೆಸರು ‘ರಜೆಗೆ ಬಂದ ಅಪ್ಪ’.

ಹೋದ ಭಾನುವಾರ ಶ್ರೀರಂಗಪಟ್ಟಣದಲ್ಲಿ ಅದರ ಪ್ರದರ್ಶನವಿತ್ತು. ಯಾರು ಏನು ಅಂದುಬಿಡುತ್ತಾರೋ ಎಂದು ಬಸ್ಸಿನುದ್ದಕ್ಕೂ ಹೆದರಿಕೊಂಡೇ ಹೋದೆ. ಅಂದುಕೊಂಡ ಹಾಗೇ ಆಯಿತು. ನಿಮ್ಮ ಜೊತೆ ಭರ್ತಿಯಾಗಿ ಮೊದಲೇ ಪೆನ್ಷನ್ ಮೇಲೆ ಬಂದ ಪಾಂಡವಪುರದ ಚಲುವರಾಜಣ್ಣ ಬಂದರು. ನೋಡಿದ್ದೇ ಮುಖ ಕೆಂಪಾಯಿತು. ‘ಏನವ್ವ ಇದು, ಮಿಲ್ಟ್ರಿಯವ್ನ ಕೈಗೆ ಮುದ್ದೆ ಕೋಲಾ? ಮಾನ ತೆಗೀತಿದ್ದೀಯಲ್ಲ!’ ಅಂದರು. ನಿಮ್ಮ ಮಗಳು ಬಿಡುತ್ತಾಳಾ? ‘ಮನೇಲಿ ಅಪ್ಪ ಒಂದಿನ ಈ ಕೋಲ್ ಇಡ್ದಿದ್ರೆ ಯೋಳಿ ಮಾವ, ಈಗ್ಲೇ ಕಿತ್ತಾಕ್ಬುಡ್ತೀನಿ’ ಅಂದಳು. ಅವರು ನಿಮ್ಮ ಧ್ವನಿಯನ್ನು ಮೂರು ಸಲ ಕೇಳಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ, ‘ಅವ್ನು ಇಷ್ಟೆತ್ರ ಇರ್ಲಿಲ್ಲ ಕಣವ್ವ ಪದ್ಮ’ ಅಂದರು.

ಬೊಂಬೆಗೆ ಎತ್ತರ ಹೇಳಿದ್ದು ನಾನು. ಅಡುಗೆಮನೆ ಬಾಗಿಲು ತೋರಿಸಿ, ‘ಅಪ್ಪನ ತಲೆ ಇದಕ್ಕೆ ತಾಗುತ್ತೆ’ ಎಂದಿದ್ದೆ. ನೀವು ಬಗ್ಗಬಾರದೆಂದೇ ಆ ಬಾಗಿಲನ್ನು ಒಂದು ಗೇಣು ಎತ್ತರಿಸಿದ್ದು ಮರೆತೇಹೋಗಿತ್ತು. ಹೋದ ರಜೆಯಲ್ಲಿ ನೀವು ಹಳೇ ಅಭ್ಯಾಸಕ್ಕೆ ಅದರಲ್ಲೂ ಬಗ್ಗಿಯೇ ಬಂದಿರಿ. ನನ್ನ ಕಣ್ಣಲ್ಲಿ ಉಳಿದದ್ದು ಅದೇ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಎತ್ತರ ಗೊತ್ತಿಲ್ಲ ಎಂದರೆ ಜನ ನಗುವುದಿಲ್ಲವಾ? ಎಲ್ಲರೂ ಹೋದ ಮೇಲೆ ಬೊಂಬೆಯ ಪಕ್ಕ ನಿಂತು ನೋಡಿದೆ. ನನ್ನ ತಲೆ ನಿಮಗೆ ಎಲ್ಲಿಗೆ ಬರುತ್ತಿತ್ತು, ಭುಜಕ್ಕಾ, ಕಿವಿಗಾ, ನೆನಪಾಗಲೇ ಇಲ್ಲ. ಮೊಬೈಲು ‘ಬಾಗ್ಲಾಕೊ’ ಅಂದಿತು. ‘ಹೂಂ’ ಅಂದುಬಿಟ್ಟೆ.

ಮಗಳ ಮೇಲೆ ಸಿಟ್ಟಾಗಬೇಡಿ. ಮೈ ಬೆಚ್ಚಗಿಟ್ಟುಕೊಳ್ಳಿ, ಸ್ವೆಟರು ಪೆಟ್ಟಿಗೆಯಲ್ಲೇ ಇಡಬೇಡಿ. ದೇವರು ಕಾಯಲಿ.

ನಿಮ್ಮ ದಾರಿ ನೋಡುವ,
ಪದ್ಮ

ಮರೆತೆ: ಆ ಇನ್ನೆರಡು ವರ್ಷದ ಕಾಗದಕ್ಕೆ ಸೈನು ಹಾಕಬೇಡಿ. ಅಟ್ಟದಲ್ಲಿ ಇನ್ನು ಡಬ್ಬ ಇಡಲು ಜಾಗವಿಲ್ಲ, ನಮಗೆ ಏನೂ ಬೇಡ. ಸಿಂಚನ ಬೊಂಬೆ ತಗ್ಗಿಸಬೇಕಂತೆ, ಎಷ್ಟು ಎಂದು ಕೇಳುತ್ತಾಳೆ. ಗೋಡೆಗೆ ಒರಗಿ ನಿಂತು ನಿಮ್ಮ ಎತ್ತರ ಅಳೆದು ತಿಳಿಸಿ.